ಗೋಡೆಯ ಹೊರಗಿನ ಕೇರಿ

ವೈರಿಯ ದಂಡು ಬರುತ್ತಿದೆ ಎಂದು ತಿಳಿದೊಡನೆ ಕೋಟೆಯ ಬಾಗಿಲು ಮುಚ್ಚಿತು. ಗೋಡೆಗೆ ಆತುಕೊಂಡಿದ್ದ ಕೇರಿ ಹೊರಗೇ ಉಳಿಯಿತು. ಹೊಳೆವ್ವ ಎರಡೂ ಕೈಯಿಂದ ಬಾಗಿಲು ಬಡಿದಳು.

"ಯಪ್ಪಾ, ತೆಗೀರಿ! ಧೂಳು ಕಾಣಾಕತ್ತೈತಿ. ಗುಡಿಸಲದಾಗ ನಮ್ಮತ್ತಿ ಅದಾಳ, ಆಕಿಗೆ ಎದ್ದು ಓಡಾಕ ಆಗಂಗಿಲ್ಲ."

"ನಿಮ್ಮನ್ನ ಒಳಗ ಬಿಟ್ರ ಕೋಟಿ ಮೈಲಿಗಿ ಆಗತೈತಿ," ಮೇಲಿನಿಂದ ಕಾವಲುಗಾರ ಕೂಗಿದ.

"ಈ ಗ್ವಾಡಿಗೆ ಕಲ್ಲು ಹೊತ್ತವರು ನಾವ. ಅವತ್ತು ಆಗಲಿಲ್ಲೇನ್ರಿ ಮೈಲಿಗಿ?"

ಅವನು ಮುಖ ತಿರುಗಿಸಿದ. "ಸುಮ್ನ ಹೋಗವ್ವ. ವೈರಿ ಮುಟ್ಟೂದರೊಳಗ ನಮ್ಮ ಮಂದಿ ನಿಮ್ಮ ಕೇರಿಗೆ ಬರತಾರ. ದೊರಿ ಅಪ್ಪಣಿ ಆಗೈತಿ."

ಹೊಳೆವ್ವ ಗುಡಿಸಲಿಗೆ ಓಡಿಹೋಗಿ, ಮೂಲೆಯಲ್ಲಿ ಮಲಗಿದ್ದ ಅತ್ತೆಯನ್ನು ತಬ್ಬಿಕೊಂಡಳು. "ಅಂಜಬ್ಯಾಡ ಅತ್ತೀ. ದೊರಿ ಮಂದಿ ಬರತಾರಂತ."

"ನಮ್ಮನ್ನ ಕಾಯಾಕ?" ಮುದುಕಿಗೆ ನಂಬಿಕೆ ಬರಲಿಲ್ಲ. "ನಿನಗ್ಯಾರು ಹೇಳಿದ್ರು ಹುಚ್ಚಿ?"

ಅಷ್ಟರಲ್ಲಿ ಕೋಟೆಯ ದಿಡ್ಡಿ ಬಾಗಿಲು ತೆರೆಯಿತು. ಸಿಪಾಯಿಗಳು ಸಾಲಾಗಿ ಇಳಿದು ಬಂದರು. ಹಾಡಹಗಲಿನಲ್ಲೂ ಅವರ ಕೈಯಲ್ಲಿ ಪಂಜುಗಳು ಉರಿಯುತ್ತಿದ್ದವು.

"ಒಂದು ಗುಡಿಸಲಾನೂ ಬಿಡಬ್ಯಾಡ್ರಿ," ಮುಂದಿದ್ದವನು ಕೂಗಿದ. "ವೈರಿಗೆ ಅಡಗಾಕ ಜಾಗ ಸಿಗಬಾರದು."