ದಂಟಿನ ಹಡಗುಗಳು

ಜೋಳದ ದಂಟು ಸುಲಿದ ವಾಸನೆ ಬಂದರೆ ಈಗಲೂ ನಮ್ಮೂರು ಮಸೂತಿಯ ಆ ಮಧ್ಯಾಹ್ನ ನನ್ನೆದುರು ನಿಲ್ಲುತ್ತದೆ. ಮರುದಿನ ಅಕ್ಕನನ್ನು ಸಿಂದಗಿಗೆ, ಗಂಡನ ಮನೆಗೆ ಕಳಿಸುವುದಿತ್ತು. ಬಣವೆಯ ನೆರಳಲ್ಲಿ ಧೂಳು ಮೆಲ್ಲಗೆ ತೇಲುತ್ತಿತ್ತು. ನಾವಿಬ್ಬರೂ ದಂಟಿನ ಬೆಂಡಿಗೆ ಸಿಬರು ಚುಚ್ಚಿ, ಚುಕ್ಕಿಗಳ ಕಡೆ ಹಾರುವ ಹಡಗು ಮಾಡುತ್ತಿದ್ದೆವು. ಮಾಸ್ತರರು ಅಂಥ ಹಡಗಿನ ಕಥೆ ಹೇಳಿದ್ದರು.

"ನಂದರಾಗ ಇಡೀ ಮಸೂತಿ ಹಿಡಿಸ್ತೈತಿ. ಎಂಟು ಎತ್ತು ಹೂಡೇನಿ," ಎಂದೆ.

"ನಂದು ಆಲಮಟ್ಟಿ ಹೊಳಿಯಷ್ಟು ಅಗಲ. ಹನ್ನೆರಡು ಎತ್ತು," ಎಂದಳು ಅಕ್ಕ.

ಹಾರುವುದಕ್ಕೂ ಎತ್ತು ಬೇಕೆಂದೇ ನಾವು ತಿಳಿದಿದ್ದೆವು. ಎತ್ತುಗಳನ್ನೂ ಬೆಂಡಿನಲ್ಲೇ ಮಾಡಿ ಹೂಡಿದ್ದೆವು.

ದನಗಳಿಗೆ ದಂಟು ಕಡಿಯುತ್ತಿದ್ದ ಅಜ್ಜಿ ನಕ್ಕಳು. "ಏ ಹುಚ್ಚಿಗೋಳ್ರಾ, ಅಷ್ಟು ಎತ್ತಿಗೆ ಮ್ಯಾಲ ಮೇವು ಯಾರು ಹಾಕ್ತಾರ?"

ಅಕ್ಕ ನಗಲಿಲ್ಲ. ಒಂದೊಂದೇ ಎತ್ತು ಬಿಚ್ಚಿ ಎರಡನ್ನೇ ಉಳಿಸಿದಳು. ಹಡಗನ್ನೂ ಮುರಿದು ಅಂಗೈಯಷ್ಟು ಮಾಡಿದಳು.

"ಸೋತಿ ನೋಡು," ಎಂದೆ. "ಇದರಾಗ ಯಾರು ಹಿಡಿಸ್ತಾರ?"

"ನಾ ಒಬ್ಬಾಕಿನ. ಚುಕ್ಕಿಗೆ ಹೋಗೂದು ಬ್ಯಾಡ. ಸಿಂದಗಿಯಿಂದ ಇಲ್ಲಿ ತನಕ ಬಂದ್ರ ಸಾಕು."

ಅಜ್ಜಿ ಕುಡಗೋಲು ಕೆಳಗಿಟ್ಟಳು.