ಕೆಂಪು ಗುರುತು

ಕಂಪನಿಯೊಂದು ಕೊಳೆಗೇರಿಯ ಹೆಂಗಸರಿಗೆ ಪುಕ್ಕಟೆ ಕಂಪ್ಯೂಟರ್ ಕಲಿಸಿತ್ತು. ಪರೀಕ್ಷೆ ಪಾಸಾದವರಿಗೆ ಅಲ್ಲೇ ಕೆಲಸ. ಗಂಡ ಕಟ್ಟಡದ ಸಾರುವೆಯಿಂದ ಬಿದ್ದು ಹಾಸಿಗೆ ಹಿಡಿದ ಮೇಲೆ ಹುಲಿಗೆಮ್ಮನಿಗೆ ಉಳಿದಿದ್ದು ಇದೊಂದೇ ದಾರಿ.

ಪರೀಕ್ಷೆಯ ದಿನ ಪರದೆಯ ಮೇಲೆ ಡ್ರೋನ್ ತೆಗೆದ ಚಿತ್ರ ಬಂತು.

"ಜೋಪಡಿ ಕಂಡಲ್ಲೆಲ್ಲ ಕೆಂಪು ಗುರುತು ಹಾಕಿ," ಎಂದರು ಮೇಷ್ಟ್ರು.

"ಆಮ್ಯಾಲ ಅವನ್ನ ಏನ್ ಮಾಡ್ತಾರ್ರೀ ಸರ?"

"ಕೆಡವ್ತಾರೆ. ನಿಮಗ್ಯಾಕಮ್ಮ ಅದು?"

ಹುಲಿಗೆಮ್ಮ ಹಲ್ಲು ಕಚ್ಚಿ, ಒಂದಾದ ಮೇಲೊಂದಕ್ಕೆ ಗುರುತು ಹಾಕುತ್ತಾ ಹೋದಳು.

ಮೇಷ್ಟ್ರು ಬಂದು ಬಗ್ಗಿ ನೋಡಿದರು. "ಎಲ್ಲ ಸರಿಯಾಗಿದೆ. ಮೂಲೇಲಿ ನೀಲಿ ಟಾರ್ಪಾಲು ಹೊದಿಸಿರೋದನ್ನ ಮಾತ್ರ ಬಿಟ್ಟಿದ್ದೀರಲ್ಲ. ಅದಕ್ಕೂ ಹಾಕಿದ್ರೆ ಪಾಸು."

"ಅದರಾಗ ನನ್ನ ಗಂಡ ಮಲಗ್ಯಾನ್ರೀ ಸರ."