ಹುಲಿಗೆಮ್ಮನ ಸರದಿ

ಸೋಮವಾರ, ಬಡವರ ಪರ ದುಡಿಯುವ ಮಹಿಳಾ ಸಂಘದಲ್ಲಿ ಓದಿನ ದಿನ. ಸಣ್ಣ ಸಂಘಟನೆ ನಡೆಸುವವರಿಗೆಂದೇ ಬರೆದ ಕೈಪಿಡಿಯೊಂದನ್ನು ಸಂಘದ ಮುಖ್ಯಸ್ಥೆ ಪ್ರಫುಲ್ಲ ಗಟ್ಟಿಯಾಗಿ ಓದುತ್ತಿದ್ದಳು. ಕಾರ್ಯಕರ್ತೆಯರೆಲ್ಲ ಸುತ್ತ ಕೂತಿದ್ದರು. ‘ಜನರ ಮಾತಿಗೆ ಕಿವಿಗೊಡುವುದು ಹೇಗೆ’ ಎಂಬ ಅಧ್ಯಾಯ ಅವಳಿಗೆ ತುಂಬ ಹಿಡಿಸಿಬಿಟ್ಟಿತ್ತು.

ಕೆರೆಯಂಚಿನ ಗುಡಿಸಲುಗಳ ಹುಲಿಗೆಮ್ಮ ಏದುಸಿರು ಬಿಡುತ್ತ ಬಾಗಿಲಲ್ಲಿ ಬಂದು ನಿಂತಳು.

“ಅಕ್ಕಾರ, ಒಂದು ಮಾತು...”

“ಸಭೇಲಿ ಹೇಗೆ ಮಾತಾಡಬೇಕು ಅಂತ ಹೇಳಿಕೊಟ್ಟಿದ್ದೆನಲ್ಲ, ಹುಲಿಗೆಮ್ಮ?” ಪ್ರಫುಲ್ಲ ನಕ್ಕಳು.

ಹುಲಿಗೆಮ್ಮ ಬಾಯಿ ಮುಚ್ಚಿ ಕೈ ಎತ್ತಿದಳು. ಯಾರೆದುರೂ ತುಟಿ ಬಿಚ್ಚದಿದ್ದವಳು ಇಷ್ಟು ಕಲಿತಳಲ್ಲ ಎಂದು ಪ್ರಫುಲ್ಲಳಿಗೆ ಹೆಮ್ಮೆಯೆನಿಸಿತು. ಉಳಿದದ್ದನ್ನೂ ಓದಿ ಮುಗಿಸೋಣವೆಂದು ಪುಟ ತಿರುವಿದಳು. ಓದಿನ ನಡುವೆ ಚರ್ಚೆಯೂ ಬೆಳೆಯಿತು. ಎತ್ತಿದ ಕೈ ಸೋತಾಗ ಹುಲಿಗೆಮ್ಮ ಇನ್ನೊಂದು ಕೈ ಎತ್ತಿದಳು.

ಹೊರಗೆ ಭಾರದ ಗಾಡಿಯೊಂದು ಗುಡುಗುಡು ಸದ್ದು ಮಾಡುತ್ತ ಹಾದುಹೋಯಿತು. ಪ್ರಫುಲ್ಲ ಪುಸ್ತಕ ಮುಚ್ಚಿದಳು.

“ಈಗ ನಿನ್ನ ಸರದಿ. ಹೇಳು, ಏನು?”

ಹುಲಿಗೆಮ್ಮ ಕೈ ಇಳಿಸಿದಳು.

“ಗುಡಿಸಲು ಕೆಡವಾಕ ಜೆಸಿಬಿ ಬಂದೈತಿ, ನೀವು ಬಂದು ನಿಂತ್ರ ಬಿಟ್ಟು ಹೋಗ್ತಾರ ಅಂತ ಹೇಳಾಕ ಬಂದಿದ್ನಿರಿ. ಈಗ ಕೆಲಸ ಮುಗಿಸಿ ವಾಪಸ್ ಹೋತಲ್ರಿ, ಅದೇ ಅದು.”